ಅಣ್ಣನ ಎಲೆಗೆ ಏನು ಬಡಿಸುವುದು

ಅಣ್ಣ ತೀರಿಕೊಂಡ ಮೇಲೆ ನಾನು ಕ್ರೊಯೇಷಿಯದ ಭಾಷೆ ಕಲಿಯಲು ಹೊರಟೆ. ಬದುಕಿದ್ದಾಗ ಕಲಿತಿದ್ದರೆ ಏನಾದರೂ ಪ್ರಯೋಜನವಿತ್ತು ಎಂದು ನೀವು ಹೇಳಬಹುದು. ನನಗೂ ಅದು ಗೊತ್ತು, ಬಿಡಿ.

ಅವನು ಕಡಬದ ಆಚೀಚೆ ಹೊಸ ಮನೆಗಳಿಗೆ ಟೈಲ್ಸ್ ಹಾಕುತ್ತಿದ್ದವನು. ಅದೇ ಕೆಲಸಕ್ಕೆಂದು ಅಷ್ಟು ದೂರ ಹೋಗಿ, ಒಬ್ಬಳು ಅಜ್ಜಿಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಚಳಿಗಾಲದ ಒಂದು ಬೆಳಿಗ್ಗೆ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತು ಎಂದರು. ಪೆಟ್ಟಿಗೆ ಬಂತು, ಕಾರ್ಯವೂ ಮುಗಿಯಿತು. ಮಳೆಗಾಲದ ಆಟಿ ತಿಂಗಳು ಹತ್ತಿರ ಬರುವಾಗ ಅಮ್ಮ ಹೊಸದೊಂದು ಹಟ ಹಿಡಿದಳು.

ಆಟಿಯಲ್ಲಿ ನಮ್ಮ ಕಡೆ ತೀರಿಕೊಂಡವರಿಗೆ ಬಡಿಸುವ ಕ್ರಮ ಉಂಟು. ಒಳಗೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಅಪ್ಪನಿಗಾದರೆ ಕೋಳಿ ಸಾರು, ರೊಟ್ಟಿ. ಅದರಲ್ಲಿ ತಕರಾರಿಲ್ಲ. ಅಣ್ಣನದ್ದೇ ಸಮಸ್ಯೆ.

“ಇಷ್ಟು ವರ್ಷ ಅಲ್ಲಿಯದ್ದು ತಿಂದವ. ನಾಲಿಗೆ ಬದಲಾಗಿರ್ತದೆ. ಅಲ್ಲಿ ಅವನಿಗೆ ಎಂತ ಸೇರ್ತಿತ್ತು ಅಂತ ಆ ಅಜ್ಜಿ ಹತ್ರ ಕೇಳು” ಎಂದಳು ಅಮ್ಮ.

ನಮಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಅಮ್ಮ “ಊಟ ಆಯ್ತಾ, ಎಂತ ಪದಾರ್ಥ?” ಎಂದು ಕೇಳಿದರೆ ಅವನು “ಎಂತದೋ ಒಂದು ಅಮ್ಮ” ಎನ್ನುತ್ತಿದ್ದ. ನಾವೂ ಅಷ್ಟಕ್ಕೇ ಬಿಡುತ್ತಿದ್ದೆವು.

ಅಜ್ಜಿಯ ಮನೆಯ ನಂಬರು ನನ್ನಲ್ಲಿತ್ತು. ಮೊಬೈಲ್ ಹಾಳಾದಾಗ ಅಣ್ಣ ಒಮ್ಮೆ ಅಲ್ಲಿಂದ ಮಾತಾಡಿದ್ದ. ಅದು ಹಳೆಯ ತಂತಿಯ ಫೋನು, ಮೆಸೇಜು ಗಿಸೇಜು ಏನೂ ನಡೆಯದು. ಅಜ್ಜಿಗೆ ಇಂಗ್ಲಿಷ್ ಒಂದಕ್ಷರ ಬಾರದು.

ಸುಳ್ಯದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಮಧ್ಯಾಹ್ನ ಗಿರಾಕಿ ಕಡಿಮೆ. ಆ ಹೊತ್ತಿಗೆ, ನೀನು ನನ್ನದು ಕಲಿ, ನಾನು ನಿನ್ನದು ಕಲಿಯುತ್ತೇನೆ ಎನ್ನುವವರ ಒಂದು ಆ್ಯಪಿಗೆ ಸೇರಿದೆ. ನಿನಗೆ ಬರುವ ಭಾಷೆ ಯಾವುದು ಎಂದು ಅದು ಕೇಳಿತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಆಲೆಟ್ಟಿಯವರು ಬಂದರೆ ಅರೆಭಾಷೆ, ಮೀನಿನವನ ಹತ್ತಿರ ಬ್ಯಾರಿ. ದೊಡ್ಡ ಆಸ್ತಿ ಎಂದುಕೊಂಡಿದ್ದೆ. ಒಬ್ಬರಿಗಾದರೂ ಬೇಕಲ್ಲ! ಕನ್ನಡ ಕಲಿಸುತ್ತೇನೆ ಎಂದು ಹಾಕಿ ಕಾದೆ, ಕಾದೆ. ಬಂದವರು ಫೋಟೋ ಕೇಳುವ ಗಂಡಸರು. ಹಾಳಾಗಿ ಹೋಗಲಿ ಎಂದು ಇಂಗ್ಲಿಷ್ ಎಂದು ಬದಲಾಯಿಸಿದ ಮೇಲೆ ಅಲ್ಲಿಯ ಒಬ್ಬಳು ಕಾಲೇಜು ಹುಡುಗಿ ಸಿಕ್ಕಿದಳು. ನನ್ನದು ಅಂಗಡಿಯ ಇಂಗ್ಲಿಷ್ ಮಾರಾಯ್ತಿ ಎಂದು ಮೊದಲೇ ತಿಳಿಸಿದೆ. ಪರವಾಗಿಲ್ಲ ಎಂದಳು.

ಒಳ್ಳೆಯ ಹುಡುಗಿ. ನಿಧಾನವಾಗಿ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು, ನಾನು ಝೆರಾಕ್ಸ್ ಮಿಷನ್ನಿನ ಸದ್ದಿನಲ್ಲಿ ಹೇಳಿ ಹೇಳಿ ಕಲಿಯುತ್ತಿದ್ದೆ. “ಎಂತ ಅಕ್ಕ, ವಿದೇಶಕ್ಕೆ ಹೋಗುದಾ? ನಮ್ಮನ್ನೂ ಕರ್ಕೊಂಡು ಹೋಗಿ” ಎಂದು ಎದುರಿನ ರಿಕ್ಷಾದವನು ತಮಾಷೆ ಮಾಡುತ್ತಿದ್ದ. ‘ಯಾ ಸಾಂ ಸೆಸ್ತ್ರ’, ನಾನು ತಂಗಿ. ‘ಯೆಸ್ತೆ ಲಿ ಯೆಲಿ’, ಊಟ ಆಯಿತಾ. ಅಲ್ಲಿ ಹಾಗೆ ಯಾರೂ ಸುಮ್ಮಸುಮ್ಮನೆ ಕೇಳುವುದಿಲ್ಲ, ಕೇಳಿದರೆ ಊಟ ಹಾಕಬೇಕಾಗುತ್ತದೆ ಎಂದು ಅವಳು ನಕ್ಕಳು. ತಿನ್ನುವ ಪದಾರ್ಥಗಳ ಹೆಸರನ್ನೂ ಕಲಿಸಿದಳು. ‘ಕ್ರುಹ್’ ಎಂದರೆ ಬ್ರೆಡ್. ಅಲ್ಲಿ ಅದು ಮೂರು ಹೊತ್ತೂ ಮೇಜಿನ ಮೇಲೆ ಇರುತ್ತದಂತೆ.

ಆಗ ನನಗೊಂದು ದುರಾಸೆ ಹುಟ್ಟಿತು. ಇಷ್ಟೆಲ್ಲ ಕಷ್ಟ ಯಾಕೆ, ಇವಳೇ ಅಜ್ಜಿಗೆ ಫೋನ್ ಮಾಡಿ ಕೇಳಬಹುದಲ್ಲ? ನಂಬರು ಕಳಿಸಿದೆ. ಅಣ್ಣ ಸತ್ತದ್ದು, ಅಜ್ಜಿ, ಎಲೆ, ಎಲ್ಲ ಬರೆದೆ. ಅವಳು ಓದಿದಳು. ಸಂಜೆಯೊಳಗೆ ನನ್ನನ್ನು ಬ್ಲಾಕ್ ಮಾಡಿದಳು. ಗುರುತಿಲ್ಲದ ದೇಶದ ಹೆಂಗಸು ಸಾವಿನ ಕತೆ ಹೇಳಿ ಒಂದು ನಂಬರಿಗೆ ಫೋನ್ ಮಾಡು ಎಂದರೆ ನಾನಾದರೂ ಅದನ್ನೇ ಮಾಡುತ್ತಿದ್ದೆ. ಮನೆಗೆ ಹೋಗುವಾಗ ಪುತ್ತೂರು ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ಅತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ಹುಡುಕಿದೆ, ಯಾರೂ ಸಿಗಲಿಲ್ಲ.

ಕೊನೆಗೆ ನಾನೇ ಫೋನ್ ಮಾಡಿದೆ. ಮೊದಲ ಸಲ ರೆಕಾರ್ಡಿಗೆ ಹಾಕಿದ್ದೆ. ಈ ಕರೆ ರೆಕಾರ್ಡ್ ಆಗುತ್ತಿದೆ ಎಂದು ಇಂಗ್ಲಿಷಿನಲ್ಲಿ ಯಾವುದೋ ಹೆಣ್ಣುಧ್ವನಿ ಹೇಳಿದ್ದೇ ತಡ, ಅಜ್ಜಿ ಹೆದರಿ ಇಟ್ಟುಬಿಟ್ಟಳು. ಎರಡನೆಯ ಸಲ ರೆಕಾರ್ಡು ಬೇಡವೆಂದು ಬಿಟ್ಟೆ. ತಂಗಿ ಎಂದೆ, ಅಣ್ಣನ ಹೆಸರು ಹೇಳಿದೆ. ಗಾಬರಿಯಲ್ಲಿ ಮುಂದಿನದ್ದು ಮರೆತು, ಅಭ್ಯಾಸಬಲದಿಂದ “ಯೆಸ್ತೆ ಲಿ ಯೆಲಿ?” ಎಂದು ಕೇಳಿಬಿಟ್ಟೆ.

ಅಜ್ಜಿ ಅಳಲು ಶುರುಮಾಡಿದಳು. ಅಣ್ಣ ನಮ್ಮವನೇ ಅಲ್ಲವಾ, ದಿನಾ ಮೆಟ್ಟಿಲು ಹತ್ತುವಾಗ ಅವಳ ಹತ್ತಿರ ಅದನ್ನೇ ಕೇಳುತ್ತಿದ್ದಿರಬೇಕು.

ಅವನಿಗೆ ಏನು ತಿನ್ನಲು ಇಷ್ಟವಿತ್ತು ಎಂದು ಕೇಳಿದೆ. ಸರಿಯಾಗಿಯೇ ಕೇಳಿದೆ. ಅಯ್ಯೋ ದೇವರೇ, ಉತ್ತರದ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ! ಅಜ್ಜಿ ಮಾತಾಡಿದಳು, ಮಾತಾಡಿದಳು, ಅತ್ತಳು, ಒಮ್ಮೆ ನಕ್ಕಳು ಕೂಡ. ನನಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ಭಾಷಾಂತರದ ಆ್ಯಪ್ ತೆರೆದಿಟ್ಟಿದ್ದೆ. ಅದು ಚರ್ಚಿನ ಕೆಳಗೆ ಮೀನು ಎಂದೇನೋ ತೋರಿಸಿ ಸುಮ್ಮನಾಯಿತು. ನನ್ನ ಅಣ್ಣನ ಕೊನೆಯ ವರ್ಷಗಳೆಲ್ಲ ಕಿವಿಯ ಪಕ್ಕದಲ್ಲೇ ಹರಿದು ಹೋಗುತ್ತಿದ್ದವು, ನಾನು “ಹಾಂ, ಹಾಂ” ಎನ್ನುತ್ತಾ ಕೂತಿದ್ದೆ. ಒಂದೇ ಒಂದು ಶಬ್ದ ಸಿಕ್ಕಿತು, ಕ್ರುಹ್. ಅವನು ಅದನ್ನು ತಿನ್ನುತ್ತಿದ್ದನೋ, ಮುಟ್ಟುತ್ತಲೇ ಇರಲಿಲ್ಲವೋ, ಅದೂ ತಿಳಿಯಲಿಲ್ಲ. ಆಮೇಲೆ ಎಷ್ಟು ಸಲ ಮಾಡಿದರೂ ಅಲ್ಲಿ ಫೋನು ಎತ್ತುವವರಿಲ್ಲ.

“ಎಂತ ಹೇಳಿದ್ರು?” ಅಮ್ಮ ಕಾಯುತ್ತಿದ್ದಳು.

ಖಾಲಿ ಕೈಯಲ್ಲಿ ಹೇಗೆ ಹೋಗಲಿ? “ಬ್ರೆಡ್ ತಿಂತಿದ್ದನಂತೆ” ಎಂದೆ.

ಅಮ್ಮನ ಮುಖ ಬಿಳಚಿಕೊಂಡಿತು. “ಬ್ರೆಡ್ಡಾ? ಹಾಗಾದ್ರೆ ಅವನಿಗೆ ಹುಷಾರಿರ್ಲಿಲ್ಲ!”

ನಮ್ಮ ಮನೆಗೆ ಬ್ರೆಡ್ ಬರುವುದು ಯಾರಾದರೂ ಜ್ವರ ಬಂದು ಮಲಗಿದರೆ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರು ಬ್ರೆಡ್ ಹಿಡಿದುಕೊಂಡು ಹೋಗುತ್ತಾರೆ. ಅಲ್ಲಿ ಎಲ್ಲರೂ ದಿನಾ ಅದನ್ನೇ ತಿನ್ನುವುದು ಎಂದು ಎಷ್ಟು ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ.

“ನಂಗೆ ಆಗ್ಲೇ ಸಂಶಯ ಇತ್ತು. ಎಂತದೋ ಒಂದು ಅಂತ ಹೇಳಿ ಹೇಳಿ ಮುಚ್ಚಿಟ್ಟ. ಮಲಗಿದಲ್ಲೇ ಇದ್ದ ನನ್ನ ಮಗ.”

ವಾದ ಮಾಡುತ್ತಾ ಮಾಡುತ್ತಾ ನನಗೂ ಸಂಶಯ ಬಂತು. ಇರಬಹುದಲ್ಲ? ಅಜ್ಜಿ ಅತ್ತದ್ದು ಅದನ್ನೇ ಹೇಳಿಯೋ ಏನೋ. ಅಲ್ಲ ಎನ್ನಲು ನನ್ನ ಹತ್ತಿರ ಏನಿತ್ತು?

ಬಡಿಸುವ ದಿನ ಅಮ್ಮ ಅಪ್ಪನ ಎಲೆಗೆ ಕೋಳಿ ಸಾರು ಹಾಕಿದಳು. ಅಣ್ಣನ ಎಲೆಯ ಮೇಲೆ ಒಂದು ಬಟ್ಟಲು ಗಂಜಿ ಇಟ್ಟು, ಪಕ್ಕದಲ್ಲಿ ಒಂದು ಹೋಳು ಉಪ್ಪಿನಕಾಯಿ ಬಡಿಸಿದಳು. ಹುಷಾರಿಲ್ಲದವನಿಗೆ ಬೇರೆ ಏನೂ ಬೇಡ ಎಂದಳು. ಬಾಗಿಲು ಹಾಕಿಕೊಂಡು ಹೊರಗೆ ಬಂದೆವು. ಅಮ್ಮ ಬಾಗಿಲಿನ ಸಂದಿಗೆ ಬಾಯಿ ಇಟ್ಟಳು.

“ಬಿಸಿ ಉಂಟು ಮಗಾ” ಎಂದಳು. “ಮೆಲ್ಲ ಕುಡಿ.”