ಅಣ್ಣನ ಜ್ವರ, ತಮ್ಮನ ಪ್ಲಾಸ್ಮಾ

ಕೊರೋನಾದ ಮೊದಲ ವರ್ಷ, ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿಗೆ ಅದನ್ನು ಎಲ್ಲರಿಗಿಂತ ಮೊದಲು ತಂದವರು ನಾವೇ. ನನ್ನ ಗಂಡನಿಗೆ ಬಂತು, ನಮ್ಮ ಜೊತೆಗಿದ್ದ ಮೈದುನನಿಗೂ ಬಂತು. ನಾನು ಹೇಗೋ ಪಾರಾದೆ.

ಗಂಡ ಕಾಯಿಲೆ ಬಿದ್ದದ್ದು ಸಾಮಾನ್ಯ ರೀತಿಯಲ್ಲಲ್ಲ. ಜ್ವರ ಏರಿದ ಕೂಡಲೇ ಕಲಬುರಗಿಯ ನೆಂಟರಿಗೆಲ್ಲ ವಿಡಿಯೋ ಕಾಲ್ ಮಾಡಿ, ಒಬ್ಬೊಬ್ಬರಿಂದಲೂ ಬೀಳ್ಕೊಂಡರು. ಬೀರುವಿನ ಕೀಲಿ ಎಲ್ಲಿದೆ ಎಂದು ಮುಚ್ಚಿದ ಬಾಗಿಲಿನಾಚೆಯಿಂದ ನನಗೆ ಕೂಗಿ ಹೇಳಿದರು. ಮದುವೆಯಾದಾಗಿನಿಂದ ಅದು ಇದ್ದದ್ದು ನನ್ನ ಸೊಂಟದಲ್ಲೇ.

ಮೈದುನ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನಿಗೆ ವಾಸನೆ, ರುಚಿ ಹೋದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ತಳ ಹಿಡಿದ ಉಪ್ಪಿಟ್ಟನ್ನು ಮತ್ತೊಮ್ಮೆ ಹಾಕಿಸಿಕೊಂಡು, "ಭಾಳ ಚಲೋ ಆಗೇತ್ರಿ ವೈನಿ" ಎಂದ.

ಇಬ್ಬರೂ ಗುಣವಾಗಿ ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕೆಳಮನೆಯವರು ಬಂದರು. ಅಲ್ಲಿಯವರೆಗೆ ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಮನುಷ್ಯ. "ಮೇಡಂ, ಬಾಗುನ್ನಾರಾ?" ಎಂದು ತೆಲುಗಿನಲ್ಲಿ ನಮ್ಮ ಕ್ಷೇಮ ಕೇಳಿ ವಿಷಯಕ್ಕೆ ಬಂದರು. ಅವರ ತಂಗಿಯ ಗಂಡ ಆಸ್ಪತ್ರೆಯಲ್ಲಿದ್ದರು. ಕಾಯಿಲೆ ಗೆದ್ದವರ ರಕ್ತದಿಂದ ತೆಗೆದ ಪ್ಲಾಸ್ಮಾ ಬೇಕಾಗಿತ್ತು. ಅದರಲ್ಲಿರುವ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ರೋಗಿಯ ಮೈಯೊಳಗಿನ ವೈರಸ್ಸನ್ನು ಹಿಡಿಯುತ್ತವೆ ಎಂಬ ಆಸೆ ಆಗ ಎಲ್ಲರಿಗೂ ಇತ್ತು. ರಕ್ತದ ಗುಂಪು ಅಣ್ಣತಮ್ಮಂದಿರಿಬ್ಬರದೂ ಹೊಂದುತ್ತಿತ್ತು.

"ನಾನ ಕೊಡ್ತೀನಿ," ಎಂದು ಗಂಡ ಎದ್ದು ನಿಂತರು. "ನನಗ ಬಂದಂಥಾ ಜ್ವರ ಯಾರಿಗೆ ಬಂದಿತ್ತು? ಮೈತುಂಬ ಆಂಟಿಬಾಡಿನ ಅದಾವ."

ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟರು. ಕಾರು ಓಡಿಸಲು ಮೈದುನ, ಧೈರ್ಯ ಹೇಳಲು ನಾನು.

ಬ್ಲಡ್ ಬ್ಯಾಂಕಿನಲ್ಲಿ ಪರೀಕ್ಷೆ ಮಾಡಿದ ನರ್ಸ್ ಬಂದು, "ಸರ್, ಆಂಟಿಬಾಡಿ ಬಹುತ್ ಕಮ್ ಹೈ" ಎಂದಳು. ತೀರಾ ಕಡಿಮೆಯಂತೆ.

ಗಾಬರಿಯಲ್ಲಿ ಗಂಡನಿಗೆ ಹಿಂದಿ ಮರೆತೇಹೋಯಿತು. "ಇನ್ನೊಮ್ಮೆ ನೋಡ್ರಿ! ಸಾಯಾಕ ಬಿದ್ದಿದ್ದೆ ನಾ!"

ಏನಂತೆ ಎಂದು ನರ್ಸ್ ನನ್ನ ಮುಖ ನೋಡಿದಳು. "ಕುಛ್ ನಹೀ," ಎಂದೆ.

ಹೊರಗೆ ಕಾರಿಗೆ ಒರಗಿ ಬಾಳೆಹಣ್ಣು ತಿನ್ನುತ್ತಿದ್ದ ಮೈದುನನನ್ನು ಕರೆಸಿದೆವು. "ನಂದು ಬರೇ ಮೂಗು ಹೋಗಿತ್ತ್ರಿ," ಎಂದು ಅವನು ತಪ್ಪಿಸಿಕೊಳ್ಳಲು ನೋಡಿದ. ಪರೀಕ್ಷೆಯಲ್ಲಿ ಪ್ರತಿಕಾಯಗಳು ಬೇಕಾದಷ್ಟು ಇದ್ದವು. ಸೂಜಿ ಕಂಡದ್ದೇ ನನ್ನ ಕೈ ಹಿಡಿದುಕೊಂಡ. "ವೈನಿ, ಎಷ್ಟ್ ಉದ್ದ ಐತಿ ನೋಡ್ರಿ ಅದು!"

ಯಂತ್ರ ಅವನ ರಕ್ತ ಎಳೆದು, ಪ್ಲಾಸ್ಮಾ ಬೇರೆ ಮಾಡಿ, ಉಳಿದದ್ದನ್ನು ಮೈಗೆ ವಾಪಸ್ ಕಳಿಸುತ್ತಿತ್ತು. ಬಹಳ ಹೊತ್ತು ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ್ದವನು, ಕೊನೆಗೆ ಒಂದು ಕಣ್ಣು ತೆರೆದು ತೂಗುತ್ತಿದ್ದ ಚೀಲ ನೋಡಿದ.

"ಇಷ್ಟ್ ಹಳದಿ? ಇನ್ಮ್ಯಾಲೆ ಸಾರಿಗೆ ಅರಿಷಿಣ ಕಡಿಮಿ ಹಾಕ್ರಿ ವೈನಿ."

ವಾಪಸ್ ಬರುವಾಗ ಗಂಡ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ ಮೆಲ್ಲಗೆ ಕೇಳಿದರು: "ಸ್ವಲ್ಪರೇ ಇತ್ತಂತಲ್ಲ, ಆಂಟಿಬಾಡಿ?"

"ಇತ್ತ್ರಿ," ಎಂದೆ. ಪಾಪ ಎನಿಸಿತು.

ಕೆಳಮನೆಯವರ ತಂಗಿಯ ಗಂಡ ಗುಣವಾಗಿ ಮನೆಗೆ ಬಂದರು. ಪ್ಲಾಸ್ಮಾದಿಂದ ನಿರೀಕ್ಷಿಸಿದಷ್ಟು ಉಪಯೋಗವಿಲ್ಲ ಎಂದು ಡಾಕ್ಟರುಗಳೇ ಆಮೇಲೆ ಅದನ್ನು ಕೈಬಿಟ್ಟರು. ಆ ಮನುಷ್ಯ ಅದರಿಂದ ಬದುಕಿದರೋ, ತಾವಾಗಿಯೇ ಚೇತರಿಸಿಕೊಂಡರೋ ಯಾರಿಗೆ ಗೊತ್ತು. ಅವರ ಹೆಂಡತಿಗೆ ಮಾತ್ರ ಅನುಮಾನವೇ ಇರಲಿಲ್ಲ. ಮೈದುನನಿಗೆಂದೇ ದೊಡ್ಡ ಡಬ್ಬಿಯ ತುಂಬ ಪುಳಿಯೋಗರೆಯಂಥ ಪುಳಿಹೋರ ಮಾಡಿ ಕಳಿಸಿದರು.

ಅರ್ಧಕ್ಕಿಂತ ಹೆಚ್ಚು ತಿಂದವರು ನನ್ನ ಗಂಡ. ನಾನು ನೋಡಿದ್ದಕ್ಕೆ ಮತ್ತೊಂದು ತುತ್ತು ಬಾಯಿಗಿಟ್ಟುಕೊಂಡು ಹೇಳಿದರು:

"ಅವನ್ನ ಅಲ್ಲಿಗೆ ಕರಕೊಂಡು ಹೋದಾಂವ ನಾನ ಅಲ್ಲೇನು?"