ಮೂರನೆಯ ‘ಸಾಕು’

ಸುಶೀಲಾ ಟೀಚರ್ ಪಾಲಿಗೆ ಲೆಕ್ಕವೆಂದರೆ ಸತ್ಯ. ಸಮ ಚಿಹ್ನೆಯ ಎರಡೂ ಕಡೆ ತೂಕ ಒಂದೇ ಇರಬೇಕು, ಇಲ್ಲದಿದ್ದರೆ ಅದು ಸುಳ್ಳು. ತುಮಕೂರಿನಲ್ಲಿ ಹನ್ನೆರಡು ವರ್ಷ ಮಕ್ಕಳಿಗೆ ಇದನ್ನೇ ಹೇಳಿದ್ದರು. ವಿಮಾ ಕಚೇರಿಯಲ್ಲಿದ್ದ ಗಂಡ ಜನಾರ್ದನರಿಗೆ ವಡೋದರಕ್ಕೆ ವರ್ಗವಾದ ಮೇಲೆ ಅಲ್ಲಿನ ಅಲ್ಕಾಪುರಿಯ ಶಾಲೆಯಲ್ಲೂ ಅದನ್ನೇ ಹೇಳುತ್ತಿದ್ದರು.

೧೯೯೪ರ ಜೂನ್‌ನಲ್ಲಿ ಶಾಲೆಗೆ ನಾಲ್ಕು ಕಂಪ್ಯೂಟರ್ ಬಂದವು. ಮುಖ್ಯೋಪಾಧ್ಯಾಯಿನಿ ತಾರಾಬೆನ್ ಸುತ್ತುಬಳಸಲಿಲ್ಲ. ಅದನ್ನು ಕಲಿಸಲು ಹೊರಗಿನ ಮಾಸ್ತರು ಬರುವುದು ಒಂದೇ ವರ್ಷ. ಆಮೇಲೆ ಲೆಕ್ಕದ ಜೊತೆ ಕಂಪ್ಯೂಟರನ್ನೂ ಕಲಿಸಬಲ್ಲವರಿಗಷ್ಟೇ ಕೆಲಸ. ಮಾರ್ಚ್‌ನಲ್ಲಿ ಟ್ರಸ್ಟಿಗಳ ಎದುರು ಪಾಠ ಮಾಡಿ ತೋರಿಸಬೇಕು.

ನಲವತ್ತಮೂರರ ಸುಶೀಲಾ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಒಂಬತ್ತನೇ ತರಗತಿಯ ಮಕ್ಕಳ ಜೊತೆ ಕೊನೆಯ ಬೆಂಚಿನಲ್ಲಿ ಕೂತರು. ಎಲ್ಲ ಸರಾಗವಾಗಿಯೇ ಸಾಗಿತ್ತು, ಮಾಸ್ತರು ಹಲಗೆಯ ಮೇಲೆ C = C + 1 ಎಂದು ಬರೆಯುವ ತನಕ. ಟೀಚರ್‌ಗೆ ಮೈಯೆಲ್ಲ ಉರಿಯಿತು. ಯಾವ ಸಂಖ್ಯೆ ತನಗಿಂತ ತಾನೇ ಒಂದು ಹೆಚ್ಚಿರುತ್ತದೆ? ಕೇಳಿದರೆ, ‘ಯಂತ್ರಕ್ಕೆ ಹೀಗೇ ಬರೀಬೇಕು ಮೇಡಂ’ ಎಂದರು ಮಾಸ್ತರು.

“ಒಂದು ಸುಳ್ಳು ಬರೆದ್ರೆ ಆಕಾಶ ಬೀಳತ್ತೇನೆ?” ಎಂದರು ಜನಾರ್ದನ, ಸಂಜೆ ಮನೆಯಲ್ಲಿ.

“ನಂಗೇ ಅರ್ಥ ಆಗದ್ದನ್ನ ಮಕ್ಕಳಿಗೆ ಕಲ್ಸಲ್ಲ ಕಣ್ರೀ.”

ಹಾಗಾಗಿ ಮಾರ್ಚ್ ಪಾಠಕ್ಕೆ ಆ ಸಾಲೇ ಇಲ್ಲದ ಪ್ರೋಗ್ರಾಂ ಹೊಸೆದರು. ಹಬ್ಬದೂಟದ ಪಂಕ್ತಿ. ಯಂತ್ರ ‘ಇನ್ನೊಂದು ಹೋಳಿಗೆ?’ ಎಂದು ಕೇಳಬೇಕು. ಉಣ್ಣುವವರು ಬೇಕೆಂದರೂ ಬಡಿಸಿ ಮತ್ತೆ ಕೇಳಬೇಕು, ಸಾಕೆಂದರೂ ಮತ್ತೆ ಕೇಳಬೇಕು. ಮೊದಲ ‘ಸಾಕು’ ಬರೀ ಸಂಕೋಚ ಎಂಬುದು ಯಾರಿಗೆ ಗೊತ್ತಿಲ್ಲ? ಮಕ್ಕಳ ಪರೀಕ್ಷೆಯಿಂದಾಗಿ ಓಡಿಸಿ ನೋಡಲು ಯಂತ್ರ ಬಿಡುವಾಗಲಿಲ್ಲ. ಪಾಠದ ದಿನದವರೆಗೂ ಪ್ರೋಗ್ರಾಂ ಕಾಗದದ ಮೇಲೇ ಉಳಿಯಿತು.

ಆ ದಿನ ಸುಶೀಲಾ ಅದನ್ನು ಟೈಪ್ ಮಾಡಿ ಮುಗಿಸುತ್ತಲೇ ಹಿರಿಯ ಟ್ರಸ್ಟಿಯೊಬ್ಬರು ತಾವೇ ಯಂತ್ರದ ಮುಂದೆ ಕೂತರು. ಯಂತ್ರ ಕೇಳಿತು, ಅವರು ‘ಸಾಕು’ ಒತ್ತಿದರು. ಮತ್ತೆ ಕೇಳಿತು, ಮತ್ತೆ ಒತ್ತಿದರು. ಹತ್ತು ಸಲವಾದರೂ ಯಂತ್ರ ಬಿಡಲೊಲ್ಲದು. ಕೆಲಸ ಹೋಯಿತು ಎಂದುಕೊಂಡರು ಸುಶೀಲಾ.

“ಟೀಚರ್, ಇದು ಸೇಮ್ ನಮ್ಮ ಅಜ್ಜಿ!” ಎಂದಳು ಮುಂದಿನ ಬೆಂಚಿನ ಪೂಜಾ, ಮಂಗಳೂರು ಕಡೆಯ ಹೋಟೆಲಿನವರ ಮಗಳು. “ಬಟ್ ಅಜ್ಜಿ ಥರ್ಡ್ ಟೈಮ್ ಸ್ಟಾಪ್ ಮಾಡ್ತಾರೆ.”

ಹೌದಲ್ಲ! ಮೂರನೆಯ ಸಲ ಎಲೆಗೆ ಕೈ ಅಡ್ಡ ಹಿಡಿದರೆ ಯಾರೂ ಬಡಿಸುವುದಿಲ್ಲ. ಬಡಿಸುವವಳು ಆ ಎಣಿಕೆಯನ್ನು ಎಲ್ಲಿಟ್ಟಿರುತ್ತಾಳೆ? ತಲೆಯಲ್ಲಿ. ಇನ್ನೊಂದು ‘ಸಾಕು’ ಕೇಳಿದಾಗ ಒಂದಿದ್ದದ್ದು ಎರಡಾಗುತ್ತದೆ, ಎರಡಿದ್ದದ್ದು ಮೂರಾಗುತ್ತದೆ. ಮಾಸ್ತರು ಬರೆದ C ಎಂದರೆ ಈ ಎಣಿಕೆ; ಅಲ್ಲಿದ್ದದ್ದು ಸಮ ಚಿಹ್ನೆಯೇ ಅಲ್ಲ. ಹಳೆಯ ಎಣಿಕೆ ಒರೆಸಿ ಅದೇ ಜಾಗದಲ್ಲಿ ಹೊಸದನ್ನು ಇಡುವುದು.

ಸುಶೀಲಾ ಸೀಮೆಸುಣ್ಣ ಹಿಡಿದು C = C + 1 ಎಂದು ದೊಡ್ಡದಾಗಿ ಬರೆದರು. ಇಷ್ಟು ದಿನ ತನಗೇಕೆ ತಿಳಿಯಲಿಲ್ಲ ಎಂಬುದನ್ನೂ ಮುಚ್ಚಿಡದೆ ಮಕ್ಕಳಿಗೆ ಬಿಡಿಸಿ ಹೇಳಿದರು. ಅದಕ್ಕಿಂತ ಒಳ್ಳೆಯ ಪಾಠವನ್ನು ಅವರು ತುಮಕೂರಿನಲ್ಲೂ ಮಾಡಿರಲಿಲ್ಲ. ಪ್ರೋಗ್ರಾಂಗೆ ಆ ಸಾಲನ್ನೂ, C ಮೂರಾದರೆ ನಿಲ್ಲು ಎಂಬ ಸಾಲನ್ನೂ ಸೇರಿಸಿದರು. ಮೂರನೆಯ ‘ಸಾಕು’ಗೆ ಯಂತ್ರ ಸುಮ್ಮನಾಯಿತು.

“ನಮ್ಮ ಗುಜರಾತಲ್ಲೂ ಹೀಗೇ ಆಗ್ರಹ ಮಾಡ್ತಾರೆ, ಬಲವಂತ ಮಾಡಿ ಬಡಿಸ್ತಾರೆ, ಬೆನ್,” ಎಂದು ಟ್ರಸ್ಟಿ ಹೊಟ್ಟೆ ಹಿಡಿದು ನಕ್ಕರು.

ತಾರಾಬೆನ್ ಹತ್ತಿರ ಬಂದು, “ಒಂಬತ್ತು, ಹತ್ತು, ಎರಡೂ ತರಗತಿ ತಗೋತೀರಾ?” ಎಂದು ಕೇಳಿದರು.

ಸುಶೀಲಾ ಉಪಚಾರಕ್ಕೂ ಬೇಡ ಎನ್ನಲಿಲ್ಲ. “ಕೊಡಿ,” ಎಂದರು.