ತಾಮ್ರದ ಮುಚ್ಚಳ, ಆರು ಸ್ಕ್ರೂ

ಆ ಭಾನುವಾರ ನನ್ನ ತಂಗಿ ಶೆಡ್ಡಿಗೆ ಇಳಿದು ಬಂದಾಗ ಹನ್ನೊಂದು ಗಂಟೆ ದಾಟಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಳು. ಕೈಯಲ್ಲಿ ನನ್ನ ಹೆಂಡತಿ ಕೊಟ್ಟ ಉಪ್ಪಿಟ್ಟಿನ ತಟ್ಟೆ. ಅದನ್ನು ತಂದು ಮಿಲ್ಲಿಂಗ್ ಮಷಿನ್ ಮೇಲೆ ಇಟ್ಟಳು.

"ಅಲ್ಲಿ ತಟ್ಟೆ ಇಡಬೇಡ ಅಂತ ಎಷ್ಟು ಸಲ ಹೇಳೋದು?"

"ಅದಕ್ಕೂ ಹಸಿವಾಗುತ್ತೆ ಬಿಡಣ್ಣ."

ಯಡಿಯೂರು ಕೆರೆಯ ಹಿಂದಿನ ಕ್ರಾಸಿನಲ್ಲಿ ನಮ್ಮ ಮನೆ. ಮೇಲೆ ವಾಸ, ಕೆಳಗೆ ಶೆಡ್ಡು. ನಾನು ಐಟಿಐ ಓದಿದವನು. ಕೆಲಸ ಮಾಡುತ್ತಿದ್ದ ಫ್ಯಾಕ್ಟರಿ ಮುಚ್ಚಿದ ಮೇಲೆ ಲೋಹ ಕೊರೆಯುವ ಒಂದು ಹಳೆಯ ಮಿಲ್ಲಿಂಗ್ ಮಷಿನ್ ತಂದು ಇಲ್ಲಿ ಕೂರಿಸಿಕೊಂಡೆ. ತಂಗಿ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ಇಂಜಿನಿಯರಿಂಗ್ ಮುಗಿಸಿ ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿದ್ದಳು. ಸಾಮಾನು ಸಾಗಿಸುವ ಎಲೆಕ್ಟ್ರಿಕ್ ಆಟೋಗಳಿಗೆ ಬೇಕಾದ ಕಂಟ್ರೋಲರ್ ಪೆಟ್ಟಿಗೆ ಮಾಡುವ ಕಂಪನಿ ಅದು. ಆಟೋ ಲೋಡು ಹೊತ್ತು ಫ್ಲೈಓವರ್ ಹತ್ತುವಾಗ ಆ ಪೆಟ್ಟಿಗೆಯೊಳಗಿನ ಚಿಪ್‌ಗಳು ಕಾಯುತ್ತವೆ. ಫ್ಯಾನ್ ಇಟ್ಟರೆ ನಮ್ಮ ರಸ್ತೆಗಳ ಧೂಳು ಅದನ್ನು ಬಹಳ ದಿನ ಬಾಳಲು ಬಿಡುವುದಿಲ್ಲ. ಹಾಗಾಗಿ ನೀರಿನಿಂದ ತಣಿಸುವ, ಊಟದ ಡಬ್ಬಿಯಷ್ಟು ಜಾಗದಲ್ಲಿ ಹಿಡಿಸುವ ಒಂದು ಸಾಧನ ಮಾಡುವುದು ಅವಳ ಕೆಲಸವಾಗಿತ್ತು. ಅವಳು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬರೆಯುತ್ತಿದ್ದಳು, ನಾನು ತಾಮ್ರ ಕೊರೆಯುತ್ತಿದ್ದೆ.

ನೋಡಲು ಅದು ಏನೂ ಅಲ್ಲ. ಅಂಗೈ ಅಗಲದ ತಾಮ್ರದ ಬಿಲ್ಲೆ. ಅದರೊಳಗೆ ಬಾಚಣಿಗೆಯ ಹಲ್ಲಿನಂತೆ ಸಣ್ಣ ಸಣ್ಣ ಗೋಡೆಗಳು. ಮೇಲೊಂದು ತಾಮ್ರದ ಮುಚ್ಚಳ, ಸುತ್ತ ರಬ್ಬರ್ ಉಂಗುರ, ಆರು ಸ್ಕ್ರೂ. ಒಂದು ಕಡೆಯಿಂದ ನೀರು ಒಳಗೆ ಹೋಗಿ, ಹಲ್ಲುಗಳ ನಡುವೆ ನುಗ್ಗಿ, ಚಿಪ್ಪಿನ ಬಿಸಿಯನ್ನು ಹೊತ್ತುಕೊಂಡು ಇನ್ನೊಂದು ಕಡೆಯಿಂದ ಹೊರಬರಬೇಕು. ಬೆಂಕಿಪೊಟ್ಟಣದಷ್ಟು ಪಂಪು ಆ ನೀರನ್ನು ತಿರುಗಿಸುತ್ತದೆ, ಬೆರಳು ದಪ್ಪದ ರೇಡಿಯೇಟರ್ ತಣಿಸುತ್ತದೆ. ತೊಂದರೆಯಿದ್ದದ್ದು ಮುಚ್ಚಳದಲ್ಲಿ. ಅದು ಕೂದಲೆಳೆಯಷ್ಟು ಉಬ್ಬಿದರೂ ನೀರು ಹಲ್ಲುಗಳ ನಡುವೆ ಹೋಗದೆ ಅವುಗಳ ತಲೆಯ ಮೇಲೆ ಸುಮ್ಮನೆ ಹರಿದುಹೋಗುತ್ತಿತ್ತು. ಕಂಪನಿ ಕೇಳಿದ್ದು ನಲವತ್ತು ನಿಮಿಷ ಪೂರ್ತಿ ಲೋಡಿನಲ್ಲಿ ಅರವತ್ತೈದು ಡಿಗ್ರಿ ಮೀರಬಾರದು ಎಂದು. ನಮ್ಮದು ಎರಡು ತಿಂಗಳಿಂದ ಎಪ್ಪತ್ತರ ಸುತ್ತಲೇ ಸುತ್ತುತ್ತಿತ್ತು.

ಆ ದಿನ ಅವಳು ಆರು ಸ್ಕ್ರೂಗಳನ್ನು ಒಂದೊಂದು ಬಿಗಿಯಲ್ಲಿ ಕೂರಿಸಲು ಶುರುಮಾಡಿದಳು. ನನಗೆ ಸಿಟ್ಟು ಬಂತು.

"ಎಲ್ಲಾ ಸಮ ಇರ್ಬೇಕು ಕಣೆ. ಎದುರುಬದುರು ತಿರುಗಿಸಿ ಸಮವಾಗಿ ಬಿಗಿಬೇಕು. ಮೊದಲನೇ ವಾರ ಹೇಳ್ಕೊಡೋ ಪಾಠ ಅದು."

"ನೀರು ಐಟಿಐಗೆ ಹೋಗಿಲ್ಲ ಅಣ್ಣ. ಪೈಪ್ ಇರೋ ಕಡೆ ಮುಚ್ಚಳ ಏಳುತ್ತೆ, ಅಲ್ಲಿ ಜಾಸ್ತಿ ಬೇಕು. ಈ ಕಡೆ ಕಮ್ಮಿ ಸಾಕು."

ಬೆರಳಿನಲ್ಲಿ ತಿರುಗಿಸಿದ ಸ್ಕ್ರೂ ನಿಲ್ಲುವಲ್ಲಿಂದ ಮುಂದೆ ಇನ್ನೆಷ್ಟು ಸುತ್ತು ಎಂದು ಎಣಿಸುತ್ತಾ ಬಿಗಿದಳು. ಕೆಳಗೆ ಹಾಸಿದ ಪೇಪರಿನ ಮೇಲೆ ಒಂದು ಹನಿ ನೀರೂ ಬೀಳಲಿಲ್ಲ. ಚಿಪ್ಪಿನ ಬದಲು ಇಟ್ಟಿದ್ದ ಹೀಟರ್ ಹಾಕಿದೆವು. ನಲವತ್ತು ನಿಮಿಷ ಕಳೆಯಿತು. ಅರವತ್ತೆರಡು. ಇನ್ನೂ ಇಪ್ಪತ್ತು ನಿಮಿಷ ಓಡಿಸಿದಳು. ಅರವತ್ತೆರಡು.

ಅವಳು ಕುಣಿಯಲಿಲ್ಲ. ತಣ್ಣಗಾದ ಉಪ್ಪಿಟ್ಟನ್ನು ಎಳೆದುಕೊಂಡು ತಿನ್ನತೊಡಗಿದಳು. ಆಮೇಲೆ ಮಾರ್ಕರ್ ಪೆನ್ ತೆಗೆದು ತಾಮ್ರದ ಮೇಲೇ ಪ್ರತಿ ಸ್ಕ್ರೂ ಪಕ್ಕದಲ್ಲಿ ಎಷ್ಟು ಸುತ್ತು ಎಂದು ಬರೆದಳು. ನನ್ನ ಕೈಗೆ ಕೊಟ್ಟು, "ಎತ್ತಿ ಹಿಡ್ಕೋ," ಎಂದು ಫೋಟೋ ತೆಗೆದು ಆಫೀಸಿನ ಗೆಳತಿಗೆ ಕಳಿಸಿದಳು. ಬಿಲ್ಲೆ ಮಸಿ ಹಿಡಿದು ಕರ್ರಗಾಗಿತ್ತು. ನಾನು ಬಟ್ಟೆ ತೆಗೆದುಕೊಂಡೆ.

"ಉಜ್ಜಬೇಡ. ಇದು ಚೊಂಬಲ್ಲ."

"ಕೆಲಸ ಅಂದ್ರೆ ಹೊಳೀಬೇಕು."

"ನಿನ್ ಕೈಗೆ ಸಿಕ್ರೆ ನನ್ನೂ ಉಜ್ಜಿಬಿಡ್ತೀಯ. ಇರ್ಲಿ ಬಿಡು, ನಾಳೆ ಡ್ರಾಯಿಂಗಿಗೆ ಹಾಕ್ತೀನಿ. ಆಮೇಲೆ ಏನ್ ಬೇಕಾದ್ರೂ ಮಾಡ್ಕೋ."

ಮರುದಿನ ಅವಳಿಗೆ ಜ್ವರ. ಡೆಂಗಿ ಎಂದರು. ಎಂಟನೆಯ ದಿನ ಹೋಗಿಬಿಟ್ಟಳು. ಆ ಎಂಟು ದಿನಗಳ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಹನ್ನೊಂದನೆಯ ದಿನದ ಕಾರ್ಯದ ಹಿಂದಿನ ದಿನ ಮಧ್ಯಾಹ್ನ ನನ್ನ ಹೆಂಡತಿ ತಾಮ್ರದ ಪಾತ್ರೆಗಳನ್ನೆಲ್ಲ ಹಿತ್ತಲ ಕಲ್ಲಿನ ಮೇಲೆ ತಂದಿಟ್ಟಳು. ಚೊಂಬು, ಪಂಚಪಾತ್ರೆ, ತಟ್ಟೆ, ಅಟ್ಟದಿಂದ ಇಳಿಸಿದ ಹಂಡೆ. ನಾನೇ ಉಜ್ಜುತ್ತೇನೆ ಎಂದೆ. ಮನೆ ತುಂಬ ಜನ. ಒಬ್ಬೊಬ್ಬರಿಗೂ ಜ್ವರ ಹೇಗೆ ಶುರುವಾಯಿತು ಎಂದು ಮೊದಲಿನಿಂದ ಹೇಳಬೇಕಿತ್ತು. ಪಾತ್ರೆ ಉಜ್ಜುವವನನ್ನು ಯಾರೂ ಮಾತಾಡಿಸುವುದಿಲ್ಲ.

ಹುಣಸೆಹಣ್ಣು, ಉಪ್ಪು. ಉಜ್ಜಿದಷ್ಟೂ ಕೆಂಪಗೆ ಹೊಳೆಯಿತು. ಎಲ್ಲ ಮುಗಿದ ಮೇಲೂ ಕೈ ನಿಲ್ಲಲಿಲ್ಲ. ಶೆಡ್ಡಿಗೆ ಹೋಗಿ ಬಿಲ್ಲೆಯನ್ನು ತಂದೆ. ಅವಳ ಕೊನೆಯ ಕೆಲಸ, ಹಾಗೆ ಕರ್ರಗೆ ಬಿದ್ದಿರುವುದು ಬೇಡ ಅನ್ನಿಸಿತು. ಕಂಪನಿಗೆ ಕೊಡುವಾಗ ಹೊಳೆಯುತ್ತಿರಲಿ ಎಂದುಕೊಂಡೆ. ಹುಣಸೆನೀರು ಒಳಗೆ ಹೋಗಿ ನಿಲ್ಲಬಾರದೆಂದು ಆರೂ ಸ್ಕ್ರೂ ಬಿಚ್ಚಿ, ಮುಚ್ಚಳವನ್ನೂ ಬಿಲ್ಲೆಯನ್ನೂ ಬೇರೆ ಮಾಡಿ ಉಜ್ಜಿದೆ. ಮುಚ್ಚಳದ ಒಳಮೈಯಲ್ಲಿ ನೀರಿನ ಕಲೆ ಹೋಗಲಿಲ್ಲ. ಅದಕ್ಕೆ ಲೋಹ ತಿಕ್ಕುವ ನಯವಾದ ಎಮರಿ ಕಾಗದ ತಂದು ನಾಲ್ಕೈದು ಎಳೆ ಎಳೆದೆ. ಇಪ್ಪತ್ತೈದು ವರ್ಷ ಮಾಡಿದ ಕೆಲಸ. ಶೆಡ್ಡಿನಿಂದ ಹೊರಗೆ ಹೋಗುವ ಒಂದೇ ಒಂದು ತುಂಡನ್ನೂ ನಾನು ಹೊಳಪಿಲ್ಲದೆ ಕಳಿಸಿದವನಲ್ಲ.

ಮುಂದಿನ ವಾರ ಅವಳ ಗೆಳತಿ ಬಂದಳು. ಗದಗದ ಕಡೆಯ ಹುಡುಗಿ, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದಾಳೆ. ತಂಗಿಯ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದವಳು. ಕಾಫಿ ಕುಡಿದು ಸ್ವಲ್ಪ ಅತ್ತು, ಬಿಲ್ಲೆ ಕೇಳಿದಳು. ನಾನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ಬಿಚ್ಚಿ ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಣ್ಣಾರ, ಮಾರ್ಕ್ ಎಲ್ಲಿ ಅದಾವ್ರಿ?"

ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಸುಳ್ಳಲ್ಲ. ನಾನು ಆ ಅಂಕಿಗಳನ್ನು ಉಜ್ಜುವಾಗ ನೋಡಿದ್ದೆ, ಮಸಿ ಎಂದುಕೊಂಡೇ ಉಜ್ಜಿದ್ದೆ.

"ಡ್ರಾಯಿಂಗಿಗೆ ಹಾಕಿಲ್ವ ಅವಳು?"

"ಎಲ್ಲಿ ಹಾಕ್ತಾಳ್ರಿ. ಸೋಮವಾರ ಬರಲೇ ಇಲ್ಲಲ್ಲ."

ಫೋಟೋ ಇತ್ತಲ್ಲ ಎಂದೆ. ಅವಳು ಫೋನ್ ತೆಗೆದು ದೊಡ್ಡದು ಮಾಡಿ ತೋರಿಸಿದಳು. ಐದು ಸ್ಕ್ರೂಗಳ ಪಕ್ಕ ತಂಗಿಯ ದುಂಡನೆಯ ಅಕ್ಷರ ಸ್ಪಷ್ಟವಾಗಿತ್ತು. ನಾಲ್ಕನೆಯದರ ಮೇಲೆ ಒಂದು ಹೆಬ್ಬೆರಳು. ಉಗುರಿನ ಸಂದಿಯಲ್ಲಿ ಗ್ರೀಸು. ನನ್ನದು.

"ಇರ್ಲಿ ಬಿಡ್ರಿ, ಐದು ಸಿಕ್ಕಾವ. ಒಂದ್ ಹುಡುಕೂಣ," ಎಂದಳು ಅವಳು. ಆಮೇಲೆ ತಗ್ಗಿದ ದನಿಯಲ್ಲಿ ಇನ್ನೊಂದು ಹೇಳಿದಳು. "ತಿಂಗಳ ಕೊನೀಗೆ ಮೀಟಿಂಗ್ ಐತಿ. ಅಷ್ಟ್ರೊಳಗ ಅರವತ್ತೈದರ ಕೆಳಗ ತೋರಿಸ್ಲಿಲ್ಲ ಅಂದ್ರ ಹೊರಗಿಂದ ರೆಡಿ ಪ್ಲೇಟ್ ತರಸ್ತಾರಂತ. ಆಕೀದು ಬಿಟ್ಟಬಿಡ್ತಾರ."

ಮೂರು ವಾರ ಇತ್ತು. ಅಷ್ಟರಲ್ಲಿ ತಂಗಿಯ ಬಿಲ್ಲೆ ಆ ಆಟೋದೊಳಗೆ ಹೋಗಬೇಕಿತ್ತು. ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಮೊದಲ ಸಲ ಓಡಿಸಿದಾಗ ಎಂಬತ್ತೊಂದಕ್ಕೆ ಹೋಯಿತು. ಬಿಚ್ಚಿ ನೋಡಿದರೆ ಹಲ್ಲುಗಳ ನಡುವೆ ಹುಣಸೆಹಣ್ಣಿನ ನಾರು. ಸೂಜಿಯಲ್ಲಿ ಒಂದೊಂದೇ ಸಂದು ಬಿಡಿಸುತ್ತಾ ಒಂದು ದಿನ ಕಳೆದೆ. ನಂತರ ನಾನೂ, ಆಫೀಸು ಮುಗಿಸಿ ಬರುತ್ತಿದ್ದ ಗೆಳತಿಯೂ ನಾಲ್ಕನೆಯ ಸ್ಕ್ರೂವನ್ನು ಕಾಲು ಸುತ್ತಿನಿಂದ ಶುರುಮಾಡಿ ಅರೆಕಾಲು ಅರೆಕಾಲು ಸುತ್ತು ಹೆಚ್ಚಿಸುತ್ತಾ ಹೋದೆವು. ಪ್ರತಿ ಸಲವೂ ನೀರು ಖಾಲಿ ಮಾಡಿ, ಮುಚ್ಚಳ ಬಿಚ್ಚಿ, ಹೊಸ ರಬ್ಬರ್ ಉಂಗುರ ಹಾಕಿ, ಮತ್ತೆ ನೀರು ತುಂಬಿಸಿ, ಗಾಳಿಗುಳ್ಳೆ ಹೋಗುವವರೆಗೆ ಅಲುಗಾಡಿಸಿ, ನಲವತ್ತು ನಿಮಿಷ ಕಾಯಬೇಕು. ದಿನಕ್ಕೆ ಮೂರು ಸಲ ಆದರೆ ಹೆಚ್ಚು. ಆ ನಲವತ್ತು ನಿಮಿಷದಲ್ಲಿ ಕರೆಂಟ್ ಹೋದರೆ ಮೊದಲಿನಿಂದ ಶುರು.

ಎಪ್ಪತ್ತಮೂರು. ಎಪ್ಪತ್ತು. ಎಪ್ಪತ್ತೊಂದು. ಪೇಪರ್ ಒದ್ದೆ. ಎಪ್ಪತ್ತು.

ಒಂದೇ ಅಂಕಿಗೆ ಎರಡು ಸಲ ಬಿಗಿದರೂ ಎರಡು ಬೇರೆ ಬೇರೆ ಡಿಗ್ರಿ ಬರುತ್ತಿತ್ತು. ಕೈ ತಾನಾಗಿ ಎದುರುಬದುರು ಹೋಗುತ್ತಿತ್ತು, ಸಮ ಮಾಡುತ್ತಿತ್ತು. ನಾನು ಬಿಗಿದೆನೆಂದುಕೊಂಡದ್ದು ಒಂದು, ಬೆರಳು ಬಿಗಿದದ್ದು ಇನ್ನೊಂದು. ಒಮ್ಮೆ ಸ್ಕ್ರೂಡ್ರೈವರನ್ನು ಗೋಡೆಗೆ ಎಸೆದೆ. ಎರಡು ನಿಮಿಷದ ನಂತರ ನಾನೇ ಹೋಗಿ ಹೆಕ್ಕಿಕೊಂಡು ಬಂದೆ. ಮಷಿನ್ ಮೇಲೆ ತಟ್ಟೆ ಇಟ್ಟ ಎಣ್ಣೆಯ ಗುರುತು ಇನ್ನೂ ಇತ್ತು. ಅದನ್ನು ಒರೆಸಲಿಲ್ಲ. ಒರೆಸಬಾರದ್ದನ್ನು ಬಿಡುವುದು ಅಷ್ಟರಲ್ಲಿ ಕಲಿತಿದ್ದೆ.

"ಇನ್ನೂ ಎಷ್ಟು ದಿನ ಆ ನೀರು ತಿರುಗಿಸ್ತೀರ?" ಎಂದು ಹೆಂಡತಿ ಮೆಟ್ಟಿಲ ಮೇಲಿಂದ ಕೇಳಿದಳು.

"ಬರುತ್ತೆ."

"ಬಂದ್ರೆ ಅವಳು ಬರ್ತಾಳಾ?"

ನಾನು ಹೀಟರ್ ಹಾಕಿದೆ. ಹೆಂಡತಿ ಚಪಾತಿ ತಂದು ಶೆಡ್ಡಿನ ಸ್ಟೂಲಿನ ಮೇಲಿಟ್ಟು, ನನ್ನ ಪಕ್ಕ ನಿಂತು, ಥರ್ಮಾಮೀಟರ್ ನೋಡಿದಳು. "ಈಗ ಎಷ್ಟು ಇರ್ಬೇಕು?" ಎಂದಳು. ಅಂದಿನಿಂದ ಡಿಗ್ರಿಗಳನ್ನು ಅವಳೇ ಬರೆದಿಟ್ಟುಕೊಳ್ಳತೊಡಗಿದಳು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ.

ನಾಲ್ಕನೆಯ ಸ್ಕ್ರೂಗೆ ಇರಬಹುದಾದ ಎಲ್ಲ ಅಂಕಿಗಳೂ ಮುಗಿದ ದಿನ ಗೆಳತಿ ಆರೂ ಸ್ಕ್ರೂಗಳನ್ನು ತಾನೇ ಬಿಚ್ಚಿದಳು. ಮುಚ್ಚಳ ತಿರುಗಿಸಿ ಒಳಮೈ ಮೇಲೆ ಉಗುರು ಎಳೆದಳು.

"ಒಂದ್ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಒಳಗೂ ಎಮರಿ ಹಾಕೀರೇನು?"

"ಹೂಂ."

"ಹಂಗಾರ ಇದು ಆಕೀ ಮುಚ್ಚಳ ಅಲ್ರಿ ಅಣ್ಣಾರ. ಆ ಐದು ಅಂಕಿನೂ ಇದಕ್ಕಲ್ಲ."

ಅದು ನನಗೆ ಮೊದಲೇ ಗೊತ್ತಿತ್ತು. ಎಮರಿ ಎಷ್ಟು ತಾಮ್ರ ತಿನ್ನುತ್ತದೆ ಎಂದು ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಕೂದಲೆಳೆಯ ಲೆಕ್ಕದ ಕೆಲಸದಲ್ಲಿ ನಾಲ್ಕೈದು ಎಳೆ ಎಂದರೆ ಬಹಳ. ಆದರೂ ಒಂದು ಅಂಕಿ ಮಾತ್ರ ಕಳೆದಿದೆ, ಉಳಿದ ಐದು ಅವಳವೇ ಎಂದು ನಂಬಿಕೊಂಡು ಹದಿನೈದು ದಿನ ಓಡಿಸಿದ್ದೆ. ಗೆಳತಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ.

"ಹೊಸಾದು ಮಾಡ್ರಿ," ಎಂದಳು. "ಹಳೇ ಡ್ರಾಯಿಂಗ್ ನನ್ ಹತ್ರ ಐತಿ. ಆಕೀ ಎಲ್ಲಿಂದ ಶುರು ಮಾಡಿದ್ಲೋ ಅಲ್ಲಿಂದ ನಾವೂ ಮಾಡೂಣ."

ಹಳೆಯ ಡ್ರಾಯಿಂಗ್ ನೋಡಿ ಹೊಸ ಮುಚ್ಚಳ ಕೊರೆದೆ. ಹೊಳಪು ಕೊಡಲಿಲ್ಲ. ಮೊದಲ ಸಲವೇ ಅದು ಅರವತ್ತೊಂಬತ್ತು ತೋರಿಸಿದಾಗ ಹೆಂಡತಿ ನನ್ನ ತೋಳು ಹಿಡಿದಳು. ತಂಗಿ ಹೇಳಿದ ಹಾಗೆ ಪೈಪಿನ ಕಡೆ ಜಾಸ್ತಿ, ಈ ಕಡೆ ಕಮ್ಮಿ. ಒಂದೊಂದು ಸ್ಕ್ರೂವಿಗೂ ಎಷ್ಟು ಬೇಕೆಂದು ಕೇಳುತ್ತಾ, ಎಣಿಸುತ್ತಾ, ಕೈಯನ್ನು ಗದರಿಸುತ್ತಾ ಬಿಗಿದೆ. ಅರವತ್ತೆಂಟು. ಅರವತ್ತೇಳು. ಮೀಟಿಂಗಿನ ಹಿಂದಿನ ದಿನ ಅರವತ್ತಾರಕ್ಕೆ ನಿಂತಿತು. ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಇನ್ನು ಅರೆಕಾಲು ಸುತ್ತು ಬಿಗಿದರೆ ಪೇಪರ್ ಒದ್ದೆಯಾಗುತ್ತಿತ್ತು.

ಗೆಳತಿ ಅದನ್ನೇ ತೆಗೆದುಕೊಂಡು ಹೋದಳು. ಒಂದು ಡಿಗ್ರಿ ತಾನೇ, ಮಾತಾಡುತ್ತೇನೆ ಎಂದಿದ್ದಳು. ಸಂಜೆ ಫೋನ್ ಮಾಡಿದಳು.

"ಕೇಳ್ಲಿಲ್ರಿ. ಒಂದ್ ಡಿಗ್ರಿ ಬಿಟ್ರ ನಾಳೆ ಇನ್ನೊಂದ್ ಬಿಡ್ಬೇಕಾಗ್ತದ ಅಂದ್ರು."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆ ಜಾಗದಲ್ಲಿ ತಂಗಿ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದಳು. ಅದು ಗೊತ್ತಿದ್ದರಿಂದ ಸಿಟ್ಟು ಮಾಡಿಕೊಳ್ಳಲು ಯಾರೂ ಸಿಗಲಿಲ್ಲ. ಈಗ ಆ ಪೆಟ್ಟಿಗೆಗಳಲ್ಲಿ ಹೊರಗಿನಿಂದ ಬಂದ ಪ್ಲೇಟುಗಳಿವೆ. ಬನಶಂಕರಿ ಸಿಗ್ನಲ್ಲಿನಲ್ಲಿ ಸಾಮಾನು ತುಂಬಿದ ಎಲೆಕ್ಟ್ರಿಕ್ ಆಟೋ ಪಕ್ಕಕ್ಕೆ ಬಂದು ನಿಂತರೆ ನಾನು ಬೇರೆ ಕಡೆ ನೋಡುತ್ತೇನೆ.

ಗೆಳತಿ ಬಿಲ್ಲೆಯನ್ನು ವಾಪಸು ತಂದುಕೊಟ್ಟಳು. ಅದು ಈಗ ಮತ್ತೆ ಕಪ್ಪಾಗುತ್ತಿದೆ, ನಾನು ಮುಟ್ಟಿಲ್ಲ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನೀರು ತುಂಬಿಸಿ ಓಡಿಸುತ್ತೇನೆ. ಹೆಂಡತಿ ಕ್ಯಾಲೆಂಡರಿನ ಹಿಂದೆ ಬರೆಯುತ್ತಾಳೆ. ತಂಗಿಯದು ಅರವತ್ತೆರಡು, ನನ್ನದು ಅರವತ್ತಾರು. ನಾಲ್ಕು ಡಿಗ್ರಿ ಇನ್ನೂ ಸಿಕ್ಕಿಲ್ಲ.